ಗಣಕಯಂತ್ರದ ಚಿತ್ರಭಂಡಾರ ಮತ್ತು ಅದರ ಸ್ಥಳಾಂತರ

ಓಲೆಗರಿಯ ಕಟ್ಟೊಂದನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ಎತ್ತಿಡುವುದು ಸ್ಥಳಾಂತರ. ಅದೇ ಕಟ್ಟನ್ನು ಮುಂದಿಟ್ಟುಕೊಂಡು ಹೊಸ ಗರಿಗಳ ಮೇಲೆ ಬರೆದುಕೊಳ್ಳುವುದು ಪ್ರತಿಲೇಖನ. ಈ ಎರಡು ಕ್ರಿಯೆಗಳ ಭೇದವು ಹಸ್ತಪ್ರತಿಗಳ ಪರಿಚಯವುಳ್ಳವರಿಗೆ ಸುವಿದಿತವಾದುದು. ಮೊದಲನೆಯದರಲ್ಲಿ ಪಾಠಕ್ಕೆ ಅಪಾಯವಿಲ್ಲ. ಎರಡನೆಯದರಲ್ಲಿ ಅಕ್ಷರ ಅಕ್ಷರಕ್ಕೂ ಸ್ಖಾಲಿತ್ಯದ ಸಂಭವವುಂಟು. ಗಣಕಯಂತ್ರದಲ್ಲಿ ಶೇಖರವಾದ ಛಾಯಾಚಿತ್ರಗಳನ್ನು ಹೊಸದೊಂದು ಬಾಹ್ಯ ಹಾರ್ಡ್ ಡಿಸ್ಕಿಗೆ ಸಾಗಿಸುವ ಕಾರ್ಯವನ್ನು ಜನರು ಸಾಮಾನ್ಯವಾಗಿ ಮೊದಲನೆಯ ಬಗೆಯದೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ಎರಡನೆಯ ಬಗೆಯದು. ಒಂದೇ ಡಿಸ್ಕಿನೊಳಗೆ ಒಂದು ಕಡತವನ್ನು ಈ ಕೋಶದಿಂದ ಆ ಕೋಶಕ್ಕೆ ಸರಿಸಿದಾಗ ಯಂತ್ರವು ತನ್ನ ವಿಳಾಸಪಟ್ಟಿಯಲ್ಲಿನ ಒಂದು ನಮೂದನ್ನು ಮಾತ್ರ ತಿದ್ದುತ್ತದೆ; ಚಿತ್ರವು ಇದ್ದಲ್ಲಿಯೇ ಇರುತ್ತದೆ. ಆದರೆ ಎರಡು ಬೇರೆ ಬೇರೆ ಡಿಸ್ಕುಗಳ ನಡುವೆ 'ಎತ್ತಿಡುವುದು' ಎಂಬುದೇ ಇಲ್ಲ. ಯಂತ್ರವು ಹಳೆಯದನ್ನು ಓದುತ್ತದೆ, ಹೊಸದರ ಮೇಲೆ ಮೊದಲಿನಿಂದ ಬರೆಯುತ್ತದೆ, ಆ ಬಳಿಕ ಹಳೆಯದನ್ನು ಅಳಿಸುತ್ತದೆ. ಅರ್ಥಾತ್ ಇಲ್ಲಿ ಸ್ಥಳಾಂತರವೆಂದರೆ ಪ್ರತಿಲೇಖನ ಮತ್ತು ಅದರ ಬೆನ್ನಿಗೇ ಮೂಲದ ನಾಶ. ಈ ಎರಡನ್ನೂ ಒಂದರಿಂದೊಂದು ಬಿಡಿಸಿ, ಅವುಗಳ ನಡುವೆ ಪರಿಶೀಲನೆಯನ್ನು ಇರಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಇಂಥ ಕಾರ್ಯದ ಅಗತ್ಯವು ಮನೆಮನೆಗೂ ಬಂದಿರುವುದು ಈಚಿನ ಎರಡು ದಶಕಗಳಲ್ಲಿ. ೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ರಾಮ್ಯಾಕ್ ಯಂತ್ರದ ಡಿಸ್ಕ್ ಘಟಕದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದವು. ಅದರಲ್ಲಿ ಹಿಡಿಸುತ್ತಿದ್ದುದು ೫೦ ಲಕ್ಷ ಅಕ್ಷರಗಳು. ಇಂದು ಕೈಯಲ್ಲಿ ಹಿಡಿದ ದೂರವಾಣಿಯಿಂದ ತೆಗೆದ ಒಂದೆರಡು ಚಿತ್ರಗಳಿಗೇ ಅದು ತುಂಬಿಹೋಗುತ್ತಿತ್ತು. ಇಪ್ಪತ್ತು ವರ್ಷಗಳ ಚಿತ್ರಗಳೂ ಚಲನಚಿತ್ರಗಳೂ ಕೂಡಿದರೆ ಒಂದು ಸಂಸಾರದ ಭಂಡಾರವು ೫೦೦ ಗಿಗಾಬೈಟುಗಳನ್ನು ಮುಟ್ಟುವುದು ಆಶ್ಚರ್ಯವಲ್ಲ. ಗಣಕಯಂತ್ರದ ಒಳಗಿನ ಡಿಸ್ಕು ಸಾಲದಾಗುತ್ತದೆ. ಅಂಗಡಿಯಿಂದ ಅಂಗೈಯಗಲದ ಒಂದು ಹೊಸ ಡಿಸ್ಕು ಬರುತ್ತದೆ. ಒಂದು ಸಂಜೆ ಮನೆಯ ಕಿರಿಯರೊಬ್ಬರು ಎಲ್ಲವನ್ನೂ ಆರಿಸಿ, ಕತ್ತರಿಸಿ, ಅಂಟಿಸುತ್ತಾರೆ. ಬಹುಸಂದರ್ಭಗಳಲ್ಲಿ ಎಲ್ಲವೂ ಸುಸೂತ್ರವಾಗಿಯೇ ನಡೆಯುತ್ತದೆ. ನಡೆಯದಿದ್ದಾಗ ಹೋಗುವುದೇನು ಎಂಬುದನ್ನು ತಿಳಿಯಬೇಕಾದರೆ ಚಿತ್ರಭಂಡಾರವೆಂದರೆ ಏನೆಂಬುದನ್ನು ಮೊದಲು ತಿಳಿಯಬೇಕು.

ಚಿತ್ರಗಳ ರಾಶಿಯೇ ಭಂಡಾರವಲ್ಲ. ಗರಿಗಳ ರಾಶಿಯೇ ಗ್ರಂಥವಲ್ಲ ಎಂಬಂತೆಯೇ ಇದು. ಗರಿಗಳ ರಂಧ್ರದಲ್ಲಿ ಹಾಯ್ದ ದಾರವೂ, ಅಂಚಿನಲ್ಲಿ ಬರೆದ ಅಂಕೆಯೂ ಸೇರಿದಾಗ ಮಾತ್ರ ಅದು ಗ್ರಂಥ. ಉದಾಹರಣೆಗೆ ಆ್ಯಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳಲ್ಲಿ ೨೦೧೫ರಿಂದ ಬಳಕೆಯಲ್ಲಿರುವ, ಹಿಂದಿನ ಐಫೋಟೋ ಮತ್ತು ಅಪರ್ಚರ್‌ಗಳ ಸ್ಥಾನದಲ್ಲಿ ಬಂದ, ಫೋಟೋಸ್ ಎಂಬ ತಂತ್ರಾಂಶವನ್ನು ಪರಿಶೀಲಿಸಬಹುದು. ಅದರ ಭಂಡಾರವು 'ಪಿಕ್ಚರ್ಸ್' ಕೋಶದಲ್ಲಿ ಒಂದೇ ಕಡತದಂತೆ ಕಾಣಿಸುತ್ತದೆ. ಅದು ಕಡತವಲ್ಲ, ಮುಚ್ಚಿದ ಪೆಟ್ಟಿಗೆ. ಪೆಟ್ಟಿಗೆಯ ಒಳಗೆ ಮೂಲಚಿತ್ರಗಳಿಗೊಂದು ಕೋಶ, ದತ್ತಸಂಚಯಕ್ಕೊಂದು ಕೋಶ, ಚಿಕ್ಕ ಪ್ರತಿಬಿಂಬಗಳು ಮೊದಲಾದುವಕ್ಕೆ ಬೇರೆ ಕೋಶಗಳು. ಮೂಲಚಿತ್ರಗಳ ಕೋಶವನ್ನು ತೆರೆದು ನೋಡಿದವರಿಗೆ ದಿಗ್ಭ್ರಮೆಯಾಗುತ್ತದೆ: ಈಚಿನ ಆವೃತ್ತಿಗಳಲ್ಲಿ ೦ಯಿಂದ ೯ರವರೆಗಿನ ಅಂಕೆಗಳನ್ನೂ ರೋಮನ್ ಲಿಪಿಯ ಮೊದಲ ಆರು ಅಕ್ಷರಗಳನ್ನೂ ಹೆಸರಾಗಿ ಹೊತ್ತ ಹದಿನಾರು ಉಪಕೋಶಗಳು, ಅವುಗಳೊಳಗೆ ಅರ್ಥವಿಲ್ಲದ ಉದ್ದನೆಯ ಅಂಕಾಕ್ಷರಗಳ ಹೆಸರುಳ್ಳ ಚಿತ್ರಗಳು. ಯಾವುದು ಯಾವ ಊರಿನದು, ಯಾವ ಸಮಾರಂಭದ್ದು, ಯಾವ ಆಲ್ಬಮ್ಮಿಗೆ ಸೇರಿದ್ದು ಎಂಬುದೆಲ್ಲವೂ ದತ್ತಸಂಚಯದಲ್ಲಿ ಮಾತ್ರ ಇರುತ್ತದೆ. ಚಿತ್ರದ ಬೆಳಕನ್ನು ತಿದ್ದಿದ್ದರೆ, ಅಂಚನ್ನು ಕತ್ತರಿಸಿದ್ದರೆ, ಆ ತಿದ್ದುಪಡಿಯೂ ಮೂಲಚಿತ್ರವನ್ನು ಮುಟ್ಟದೆ ಪ್ರತ್ಯೇಕವಾಗಿ ದಾಖಲಾಗಿರುತ್ತದೆ. ಒಳಹೊಕ್ಕು ಮೂಲಚಿತ್ರಗಳನ್ನಷ್ಟೇ ಎತ್ತಿಕೊಂಡು ಬಂದವನು ದಾರವನ್ನು ಕಿತ್ತು ಗರಿಗಳನ್ನು ತಂದವನಾಗುತ್ತಾನೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಚನಗಳಲ್ಲಿ ಅಂಕಿತವು ವಚನದ ಮೈಯೊಳಗೇ ಇರುವುದರಿಂದ, ಲಿಪಿಕಾರನು ಅದನ್ನು ಯಾವ ಕಟ್ಟಿಗೆ ಸೇರಿಸಿದರೂ ಕರ್ತೃವಿನ ಗುರುತು ಜೊತೆಯಲ್ಲಿಯೇ ಹೋಗುತ್ತದೆ. ಕಟ್ಟಿನ ಹಲಗೆಯ ಮೇಲೆ ಬರೆದ ಹೆಸರಾದರೋ ಹಲಗೆಯೊಂದಿಗೇ ಕಳೆದುಹೋಗುತ್ತದೆ. ಛಾಯಾಚಿತ್ರದ ವಿಷಯದಲ್ಲಿಯೂ ಈ ಎರಡು ಬಗೆಯ ಗುರುತುಗಳಿವೆ. ೧೯೯೫ರಲ್ಲಿ ಜಪಾನಿನಲ್ಲಿ ರೂಪುಗೊಂಡ ಎಕ್ಸಿಫ್ ಎಂಬ ಮಾನದಂಡದಂತೆ ಕ್ಯಾಮೆರಾವು ಚಿತ್ರ ತೆಗೆದ ದಿನ, ಗಳಿಗೆ, ಮಸೂರದ ವಿವರ, ಕೆಲವೊಮ್ಮೆ ಅಕ್ಷಾಂಶ ರೇಖಾಂಶಗಳನ್ನು ಕಡತದ ಒಳಗೇ ಬರೆದಿಡುತ್ತದೆ. ಇದು ಅಂಕಿತ. ಪ್ರತಿ ಮಾಡಿದಾಗ ಕಡತದ ಹೊರಗಿನ ದಿನಾಂಕ ಬದಲಾದರೂ (ವಿಂಡೋಸ್ ಯಂತ್ರಗಳಲ್ಲಿ 'ಸೃಷ್ಟಿಯಾದ ದಿನ'ವು ಪ್ರತಿ ಮಾಡಿದ ದಿನವೇ ಆಗಿಬಿಡುತ್ತದೆ) ಒಳಗಿನದು ಬದಲಾಗುವುದಿಲ್ಲ. ಆದರೆ ಮನುಷ್ಯನು ತಾನಾಗಿ ಸೇರಿಸಿದ ಶೀರ್ಷಿಕೆ, ಅಡಿಬರಹ, ಮುಖಗಳಿಗೆ ಕೊಟ್ಟ ಹೆಸರು, ತಿದ್ದಿದ ದಿನಾಂಕ ಇವು ಫೋಟೋಸ್ ತಂತ್ರಾಂಶದಲ್ಲಿ ಮೂಲಚಿತ್ರದೊಳಗೆ ಹೋಗದೆ ದತ್ತಸಂಚಯದಲ್ಲಿ ಉಳಿಯುತ್ತವೆ. ಇದು ಹಲಗೆಯ ಬರಹ.

ಇದರ ಪರಿಣಾಮವನ್ನು ಊಹಿಸಿಕೊಳ್ಳಬೇಕು. ೧೯೫೦ರ ದಶಕದ ಮದುವೆಯ ಚಿತ್ರವೊಂದನ್ನು ಮನೆಯವರು ಸ್ಕ್ಯಾನ್ ಮಾಡಿ ಭಂಡಾರಕ್ಕೆ ಸೇರಿಸಿರುತ್ತಾರೆ. ಸ್ಕ್ಯಾನರಿಗೆ ಗೊತ್ತಿರುವುದು ತಾನು ಸ್ಕ್ಯಾನ್ ಮಾಡಿದ ದಿನ ಮಾತ್ರ. ಮದುವೆಯ ವರ್ಷ ಯಾವುದು, ಚಪ್ಪರದ ಕಂಬದ ಬಳಿ ನಿಂತ ಹುಡುಗ ಯಾರು, ವಧುವಿನ ಎಡಗಡೆಯವರು ಸೋದರತ್ತೆಯೋ ನೆರೆಯವರೋ ಎಂಬುದನ್ನು ಮನೆಯ ಹಿರಿಯ ಮುತ್ತೈದೆಯೊಬ್ಬರು ಕುಳಿತು ಹೇಳಿರುತ್ತಾರೆ, ಮೊಮ್ಮಕ್ಕಳು ಬರೆದುಕೊಂಡಿರುತ್ತಾರೆ. ಆ ಹಿರಿಯರು ತೀರಿಕೊಂಡ ಮೇಲೆ ಸ್ಥಳಾಂತರದಲ್ಲಿ ಚಿತ್ರವೊಂದೇ ಬಂದು ಬರಹ ಬಾರದೆ ಹೋದರೆ, ಕಾಗದದ ಚಿತ್ರವನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡಬಹುದು, ಹೇಳಿದ ಮಾತನ್ನು ಮತ್ತೊಮ್ಮೆ ಕೇಳಲಾಗದು. ಚಿತ್ರದ ನಷ್ಟವನ್ನು ಎಲ್ಲರೂ ಅಂಜುತ್ತಾರೆ. ಅದಕ್ಕಿಂತ ಹೆಚ್ಚಿನದಾದ ಈ ನಷ್ಟವು ಕಣ್ಣಿಗೇ ಬೀಳುವುದಿಲ್ಲ. ಚಿತ್ರಗಳೆಲ್ಲ ಬಂದಿವೆ ಎಂಬ ಸಮಾಧಾನದಲ್ಲಿ ಹಳೆಯದನ್ನು ಅಳಿಸಿಬಿಡುವುದೂ ಉಂಟು.

ಆದುದರಿಂದ ಭಂಡಾರವನ್ನು ಪೆಟ್ಟಿಗೆಯಾಗಿಯೇ, ಬಿಚ್ಚದೆ, ಸಾಗಿಸಬೇಕೆಂಬುದು ಮೊದಲ ನಿಯಮ. ಆದರೆ ಪೆಟ್ಟಿಗೆಯಲ್ಲಿ ಇದೆಯೆಂದು ತಿಳಿದದ್ದೆಲ್ಲವೂ ಪೆಟ್ಟಿಗೆಯಲ್ಲಿ ಇರಲಾರದು. ಇದಕ್ಕೆ ಕಾರಣಗಳು ಎರಡು. ಐಕ್ಲೌಡ್ ಎಂಬ ದೂರಸಂಗ್ರಹವನ್ನು ಬಳಸುವವರಲ್ಲಿ ಅನೇಕರು ಜಾಗ ಉಳಿಸುವ ಆಯ್ಕೆಯನ್ನು ಒಪ್ಪಿಕೊಂಡಿರುತ್ತಾರೆ. ಆಗ ಜಾಗ ಸಾಲದೆ ಬಂದಂತೆಲ್ಲ ಪೂರ್ಣಗಾತ್ರದ ಮೂಲಚಿತ್ರಗಳು ಆ್ಯಪಲ್ ಸಂಸ್ಥೆಯ ಯಂತ್ರಗಳಲ್ಲಿ ಮಾತ್ರ ಉಳಿದು, ಮನೆಯ ಯಂತ್ರದಲ್ಲಿ ಅವುಗಳ ಕಿರುರೂಪಗಳಷ್ಟೇ ನಿಲ್ಲುತ್ತವೆ. ಅಂಥ ಪೆಟ್ಟಿಗೆಯನ್ನು ಹೊಸ ಡಿಸ್ಕಿಗೆ ಪ್ರತಿ ಮಾಡಿದರೆ ದೊರೆಯುವುದು ಸಾರಾಂಶವೇ ಹೊರತು ಗ್ರಂಥವಲ್ಲ. ಹೊಸ ಡಿಸ್ಕಿನಲ್ಲಿ ಜಾಗವು ಧಾರಾಳವಾಗಿರುವುದರಿಂದ, ಭಂಡಾರವು ಅಲ್ಲಿ ನೆಲೆಗೊಂಡ ಮೇಲೆ ಮೂಲಗಳನ್ನು ಇಳಿಸಿಕೊಳ್ಳುವ ಆಯ್ಕೆಗೆ ಬದಲಿಸಿ, ಎಲ್ಲವೂ ಇಳಿದು ಮುಗಿಯುವವರೆಗೆ ಕಾಯಬೇಕು. ಎರಡನೆಯದು, ಚಿತ್ರಗಳನ್ನು ಭಂಡಾರದೊಳಗೆ ನಕಲಿಸದೆ, ಅವು ಹೊರಗೆ ಇದ್ದಲ್ಲಿಯೇ ಇರಲು ಬಿಟ್ಟು, ಭಂಡಾರದಲ್ಲಿ ಉಲ್ಲೇಖವನ್ನಷ್ಟೇ ಇಡುವ ಪದ್ಧತಿ. ಪೆಟ್ಟಿಗೆ ಹೋಯಿತು, ಹೊರಗಿನ ಚಿತ್ರಗಳು ಹಿಂದೆಯೇ ಉಳಿದವು ಎಂಬ ಸ್ಥಿತಿ ಇದರಿಂದ ಒದಗುತ್ತದೆ. ತಂತ್ರಾಂಶದ 'ಫೈಲ್' ಪಟ್ಟಿಯಲ್ಲಿರುವ 'ಕನ್ಸಾಲಿಡೇಟ್' ಎಂಬ ಆಜ್ಞೆಯು ಹೊರಗಿರುವುವನ್ನು ಒಳಗೆ ತಂದುಕೊಡುತ್ತದೆ. ಇದನ್ನು ಪ್ರತಿ ಮಾಡುವ ಮೊದಲೇ ನೆರವೇರಿಸಬೇಕು.

ಇನ್ನು ಡಿಸ್ಕಿನ ವಿಚಾರ. ಅಂಗಡಿಯಿಂದ ತಂದ ಡಿಸ್ಕುಗಳು ಸಾಮಾನ್ಯವಾಗಿ ವಿಂಡೋಸ್‌ಗೆ ಒಗ್ಗುವ ವಿನ್ಯಾಸದಲ್ಲಿರುತ್ತವೆ. ಎನ್.ಟಿ.ಎಫ್.ಎಸ್. ವಿನ್ಯಾಸದ ಡಿಸ್ಕನ್ನು ಮ್ಯಾಕ್ ಯಂತ್ರವು ಓದಬಲ್ಲುದು, ತಾನಾಗಿ ಬರೆಯಲಾರದು. ಹಳೆಯ ಫ್ಯಾಟ್-೩೨ ವಿನ್ಯಾಸದಲ್ಲಿ ೪ ಗಿಗಾಬೈಟಿಗೆ ಮೀರಿದ ಒಂದೇ ಕಡತ ಹಿಡಿಸದು. ಉಪನಯನದ ಅಥವಾ ಗೃಹಪ್ರವೇಶದ ದೀರ್ಘ ಚಲನಚಿತ್ರವು ಅಲ್ಲಿ ನಿಂತುಹೋಗುತ್ತದೆ. ೨೦೦೬ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಫ್ಯಾಟ್ ವಿನ್ಯಾಸವು ಎರಡೂ ಬಗೆಯ ಯಂತ್ರಗಳಿಗೆ ಒಗ್ಗುವುದಾದರೂ ಫೋಟೋಸ್ ಭಂಡಾರಕ್ಕೆ ಯೋಗ್ಯವಲ್ಲ. ಆ್ಯಪಲ್ ಸಂಸ್ಥೆಯು ಸೂಚಿಸುವುದು ತನ್ನ ಎ.ಪಿ.ಎಫ್.ಎಸ್. ಅಥವಾ ಅದಕ್ಕೆ ಹಿಂದಿನ ಮ್ಯಾಕ್ ಎಕ್ಸ್‌ಟೆಂಡೆಡ್ ವಿನ್ಯಾಸಗಳನ್ನು. ವಿನ್ಯಾಸವನ್ನು ಬದಲಿಸಿದರೆ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಅದು ಖಾಲಿ ಇರುವಾಗಲೇ ಈ ಕೆಲಸ ಮುಗಿಯಬೇಕು. ಟೈಮ್ ಮೆಷೀನ್ ಎಂಬ ಮರುಪ್ರತಿ ವ್ಯವಸ್ಥೆಗೆ ಬಳಸುವ ಡಿಸ್ಕಿನಲ್ಲಿಯೇ ಭಂಡಾರವನ್ನು ಇಡಬಾರದೆಂದೂ, ಬೆರಳುದ್ದದ ಯು.ಎಸ್.ಬಿ. ಕಡ್ಡಿಗಳಲ್ಲಿ ಇಡಬಾರದೆಂದೂ ಅದೇ ಸಂಸ್ಥೆ ಎಚ್ಚರಿಸಿದೆ. ೨ ಟೆರಾಬೈಟಿನ ಡಿಸ್ಕನ್ನು ವಿಂಡೋಸ್ ಯಂತ್ರಕ್ಕೆ ಜೋಡಿಸಿದಾಗ ೧.೮೧ ಎಂದು ಕಾಣುವುದನ್ನು ನೋಡಿ ಅಂಗಡಿಯವನೊಡನೆ ಜಗಳಕ್ಕೆ ಹೋಗುವವರಿದ್ದಾರೆ. ಅದು ಮೋಸವಲ್ಲ, ತಯಾರಕನು ಸಾವಿರದ ಮಡಿಕೆಯಲ್ಲಿ ಎಣಿಸುತ್ತಾನೆ, ವಿಂಡೋಸ್ ೧೦೨೪ರ ಮಡಿಕೆಯಲ್ಲಿ ಎಣಿಸುತ್ತದೆ.

ಪ್ರತಿ ಮಾಡುವ ಮುನ್ನ ತಂತ್ರಾಂಶವನ್ನು ಪೂರ್ಣವಾಗಿ ಮುಚ್ಚಬೇಕು. ಲೇಖಕನು ಬರೆಯುತ್ತಿರುವಾಗಲೇ ಅವನ ಕೈಕೆಳಗಿನ ಗರಿಯನ್ನು ನಕಲಿಸಲಾಗದಷ್ಟೆ. ಅನಂತರ ಭಂಡಾರದ ಪೆಟ್ಟಿಗೆಯನ್ನು ಹೊಸ ಡಿಸ್ಕಿನ ಮೇಲಕ್ಕೆ ಎಳೆದರೆ ಸಾಕು: ಎರಡು ಡಿಸ್ಕುಗಳ ನಡುವೆ ಎಳೆದಾಗ ಮ್ಯಾಕ್ ಆಗಲಿ ವಿಂಡೋಸ್ ಆಗಲಿ ಪ್ರತಿಯನ್ನೇ ಮಾಡುತ್ತವೆ, ಮೂಲವು ಉಳಿಯುತ್ತದೆ. ಕತ್ತರಿಸಿ ಅಂಟಿಸುವ ಆಜ್ಞೆಯನ್ನು ಮಾತ್ರ ಈ ಕಾರ್ಯದಲ್ಲಿ ಸರ್ವಥಾ ಬಳಸಬಾರದು. ವಿಂಡೋಸ್‌ನಲ್ಲಿ ಆ ಆಜ್ಞೆಯು ಒಂದೊಂದು ಕಡತವನ್ನೂ ನಕಲಿಸುತ್ತ, ಮೂಲವನ್ನು ಅಳಿಸುತ್ತ ಸಾಗುತ್ತದೆ. ನಡುವೆ ವಿದ್ಯುತ್ತು ಹೋದರೆ, ತಂತಿ ಸಡಿಲಿಸಿದರೆ, ಅರ್ಧ ಭಂಡಾರ ಇಲ್ಲಿ, ಅರ್ಧ ಅಲ್ಲಿ. ಕಾಲದ ಅಂದಾಜೂ ಮುಂಚಿತವಾಗಿ ಇರಬೇಕು. ತಿರುಗುವ ತಟ್ಟೆಯ ಡಿಸ್ಕು ಕ್ಷಣಕ್ಕೆ ೧೦೦ ಮೆಗಾಬೈಟಿನಂತೆ ಬರೆದರೆ ೫೦೦ ಗಿಗಾಬೈಟುಗಳಿಗೆ ಸುಮಾರು ೮೩ ನಿಮಿಷ, ಹಳೆಯ ಯು.ಎಸ್.ಬಿ. ೨.೦ ತಂತಿಯ ಮೂಲಕ ಕ್ಷಣಕ್ಕೆ ೩೫ ಮೆಗಾಬೈಟಿನಂತೆ ಹೋದರೆ ನಾಲ್ಕು ಗಂಟೆ. ಸಣ್ಣ ಕಡತಗಳು ಲಕ್ಷಗಟ್ಟಲೆ ಇದ್ದಾಗ ಇದಕ್ಕಿಂತ ಹೆಚ್ಚಿನ ಕಾಲ ಹಿಡಿಯುತ್ತದೆ. ಮಡಿಲಯಂತ್ರವು ನಡುವೆ ನಿದ್ರೆಗೆ ಜಾರದಂತೆ ಏರ್ಪಾಡು ಮಾಡಿ, ವಿದ್ಯುತ್ತಿಗೆ ಜೋಡಿಸಿ, ರಾತ್ರಿ ಬಿಟ್ಟು ಮಲಗುವುದು ಉಚಿತ. ಕಾರ್ಯ ಮುಗಿಯಿತೆಂದು ಪರದೆಯು ಹೇಳಿದ ಕೂಡಲೇ ತಂತಿಯನ್ನು ಕೀಳುವುದು ಬಹುಜನರ ದುರಭ್ಯಾಸ. ಬರೆಯಬೇಕಾದುದರಲ್ಲಿ ಕೆಲಭಾಗ ಇನ್ನೂ ಯಂತ್ರದ ನೆನಪಿನಲ್ಲಿಯೇ ಇದ್ದು ಡಿಸ್ಕನ್ನು ತಲಪಿರಲಾರದು. 'ಇಜೆಕ್ಟ್' ಆಜ್ಞೆಯ ಪ್ರಯೋಜನವೇ ಅದನ್ನು ತಲಪಿಸಿ ಬಿಡುಗಡೆ ಕೊಡುವುದು.

ಪ್ರತಿ ಆಯಿತು. ಅದು ಶುದ್ಧಪ್ರತಿಯೇ? ಹಿಂದಿನ ಲಿಪಿಕಾರರು ಗ್ರಂಥದ ಪ್ರಮಾಣವನ್ನು ಮೂವತ್ತೆರಡು ಅಕ್ಷರಗಳ ಒಂದು ಮಾನದಿಂದ ಎಣಿಸಿ ಕೊನೆಯಲ್ಲಿ 'ಗ್ರಂಥಾಗ್ರ'ವೆಂದು ನಮೂದಿಸುವ ವಾಡಿಕೆಯಿತ್ತು. ಕೂಲಿಯ ಲೆಕ್ಕಕ್ಕೂ ಅದು ಬೇಕಾಗಿತ್ತು, ಗ್ರಂಥಪಾತವಾಗಿದೆಯೇ ಎಂಬ ಪರೀಕ್ಷೆಗೂ ಒದಗುತ್ತಿತ್ತು. ಚಿತ್ರಭಂಡಾರದಲ್ಲಿ ಇದಕ್ಕೆ ಸಮಾನವಾದುದು ಕಡತಗಳ ಸಂಖ್ಯೆ ಮತ್ತು ಬೈಟುಗಳ ಮೊತ್ತ. ಹಳೆಯ ಭಂಡಾರದಲ್ಲಿ ಎಷ್ಟು ಚಿತ್ರಗಳು, ಎಷ್ಟು ಚಲನಚಿತ್ರಗಳು, ಎಷ್ಟು ಆಲ್ಬಮ್ಮುಗಳು ಎಂಬುದನ್ನು ಪ್ರತಿ ಮಾಡುವ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡರೆ ಹೋಲಿಕೆ ಸುಲಭ. ಆದರೆ ಎಣಿಕೆಯು ಲೋಪವನ್ನು ಹಿಡಿದೀತೇ ಹೊರತು ಪಾಠಾಂತರವನ್ನು ಹಿಡಿಯದು. ಅಕ್ಷರಗಳ ಸಂಖ್ಯೆ ಅಷ್ಟೇ ಇದ್ದು ಒಂದು ಅಕ್ಷರ ಮಾತ್ರ ಬೇರೆಯಾದರೆ ಗ್ರಂಥಾಗ್ರವು ಸರಿಯಾಗಿಯೇ ಬರುತ್ತದಲ್ಲವೇ? ಈ ಕೊರತೆಯನ್ನು ತುಂಬುವುದು ಶಾ-೨೫೬ ಮುಂತಾದ ಗಣಿತಕ್ರಮಗಳು. ಕಡತದಲ್ಲಿರುವ ಸಮಸ್ತ ಬೈಟುಗಳನ್ನೂ ಈ ಕ್ರಮವು ಅರೆದು ೬೪ ಅಂಕಾಕ್ಷರಗಳ ಒಂದು ಮುದ್ರೆಯನ್ನು ಕೊಡುತ್ತದೆ. ಮೂಲದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಮುದ್ರೆಯು ಗುರುತು ಸಿಗದಷ್ಟು ಬೇರೆಯಾಗುತ್ತದೆ. ಹಳೆಯದರ ಮುದ್ರೆ, ಹೊಸದರ ಮುದ್ರೆ ಎರಡೂ ಒಂದೇ ಆದರೆ ಪ್ರತಿಯು ಶುದ್ಧವೆಂದು ನಿಶ್ಚಯಿಸಬಹುದು. ೧೯೯೬ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕರಾಸ್ ಎಂಬವರು ರಚಿಸಿದ ಆರ್‌ಸಿಂಕ್ ಎಂಬ ಉಚಿತ ತಂತ್ರಾಂಶವು ಎರಡು ಕೋಶಗಳನ್ನು ಇಂಥದೇ ಮುದ್ರೆಗಳ ಮೂಲಕ ಹೋಲಿಸಿ ವ್ಯತ್ಯಾಸವಿದ್ದ ಕಡತಗಳನ್ನಷ್ಟೇ ಪಟ್ಟಿಮಾಡಿ ತೋರಿಸಬಲ್ಲುದು. ಒಮ್ಮೆಯೂ ಭಂಡಾರವನ್ನು ತೆರೆಯುವ ಮೊದಲೇ ಈ ಹೋಲಿಕೆ ನಡೆಯಬೇಕು. ತೆರೆದೊಡನೆ ದತ್ತಸಂಚಯವು ಬದಲಾಗತೊಡಗುವುದರಿಂದ ಮುದ್ರೆಗಳು ಹೊಂದುವುದಿಲ್ಲ.

ಯಂತ್ರದ ಪರೀಕ್ಷೆಯ ಮೇಲೆ ಕಣ್ಣಿನ ಪರೀಕ್ಷೆ. ಕೀಲಿಮಣೆಯ 'ಆಪ್ಷನ್' ಗುಂಡಿಯನ್ನು ಒತ್ತಿಹಿಡಿದು ಫೋಟೋಸ್ ತಂತ್ರಾಂಶವನ್ನು ತೆರೆದರೆ ಯಾವ ಭಂಡಾರ ಬೇಕೆಂದು ಅದು ಕೇಳುತ್ತದೆ. ಹೊಸದನ್ನು ಆರಿಸಿ ತೋರಿಸಬೇಕು. ಐಕ್ಲೌಡ್ ಬಳಸುವವರು ತಂತ್ರಾಂಶದ ಆಯ್ಕೆಗಳಲ್ಲಿ ಅದನ್ನೇ ವ್ಯವಸ್ಥೆಯ ಭಂಡಾರವೆಂದು ಘೋಷಿಸಬೇಕಾಗುತ್ತದೆ. ಬಳಿಕ ಮೇಲುಮೇಲಿನ ಕೆಲವು ಚಿತ್ರಗಳನ್ನು ನೋಡಿ ತೃಪ್ತರಾಗದೆ, ಅತ್ಯಂತ ಹಳೆಯದೊಂದು, ನಡುವಿನದೊಂದು, ದೀರ್ಘ ಚಲನಚಿತ್ರವೊಂದು, ತಿದ್ದಿದ ಚಿತ್ರವೊಂದು, ಅಡಿಬರಹವುಳ್ಳ ಸ್ಕ್ಯಾನ್ ಒಂದು, ಹೀಗೆ ಬಗೆಬಗೆಯದನ್ನು ಪೂರ್ಣಗಾತ್ರದಲ್ಲಿ ತೆರೆಯಬೇಕು. ಐಫೋನಿನ 'ಲೈವ್' ಚಿತ್ರಗಳನ್ನು ವಿಶೇಷವಾಗಿ ನೋಡಬೇಕು. ಅವು ಒಂದು ಸ್ಥಿರಚಿತ್ರ, ಒಂದು ಕಿರುಚಲನಚಿತ್ರ ಎಂಬ ಅವಳಿ ಕಡತಗಳು. ಒಂದು ಕಳೆದರೆ ಮಗುವಿನ ನಗೆಯ ಸದ್ದು ಹೋಗಿ ಮುಖ ಮಾತ್ರ ಉಳಿಯುತ್ತದೆ.

ವಿಂಡೋಸ್ ಬಳಸುವವರಿಗೆ ಈ ಕಷ್ಟಗಳಿಲ್ಲವೆಂದು ಹೇಳುವಂತಿಲ್ಲ. ಅಲ್ಲಿ ಚಿತ್ರಗಳು ಸಾಮಾನ್ಯವಾಗಿ ಬಯಲು ಕೋಶಗಳಲ್ಲಿಯೇ ಇರುತ್ತವೆಂಬುದು ನಿಜ. ಆದರೆ ಕನ್ನಡ ನಾಡಿನ ಅನೇಕ ಮನೆಗಳಲ್ಲಿ ಬಳಕೆಯಲ್ಲಿದ್ದ, ಗೂಗಲ್ ಸಂಸ್ಥೆಯು ೨೦೧೬ರಲ್ಲಿ ನಿಲ್ಲಿಸಿಬಿಟ್ಟ ಪಿಕಾಸಾ ಎಂಬ ತಂತ್ರಾಂಶವು ತಿದ್ದುಪಡಿಗಳನ್ನು ಪ್ರತಿ ಕೋಶದಲ್ಲಿಯೂ ಕಣ್ಣಿಗೆ ಕಾಣದ ಒಂದು ಗುಪ್ತಕಡತದಲ್ಲಿ ಬರೆದಿಡುತ್ತಿತ್ತು. ಆರಿಸಿ ಆರಿಸಿ ಚಿತ್ರಗಳನ್ನು ಮಾತ್ರ ಎಳೆದುಕೊಂಡವರು ಅದನ್ನು ಬಿಟ್ಟುಬರುತ್ತಾರೆ. ಕೋಶವನ್ನು ಇಡಿಯಾಗಿ ನಕಲಿಸಿದರೆ ಅದೂ ಬರುತ್ತದೆ. ವೃತ್ತಿಪರರು ಬಳಸುವ ಲೈಟ್‌ರೂಮ್‌ನಲ್ಲಿ ಚಿತ್ರಗಳು ಒಂದೆಡೆ, ಅವುಗಳ ಸೂಚಿ ಇನ್ನೊಂದೆಡೆ. ಚಿತ್ರಗಳನ್ನು ತಂತ್ರಾಂಶದ ಅರಿವಿಲ್ಲದೆ ಹೊರಗಿನಿಂದ ಸರಿಸಿದರೆ ಸೂಚಿಯಲ್ಲಿ ಪ್ರಶ್ನೆಯ ಚಿಹ್ನೆಗಳು ಮೂಡುತ್ತವೆ. ಹೊಸ ಸ್ಥಳವನ್ನು ತೋರಿಸಿಕೊಟ್ಟರೆ ಸಂಬಂಧವು ಮತ್ತೆ ಕೂಡುತ್ತದೆ. ವಾಟ್ಸ್ಯಾಪ್ ಮೂಲಕ ಚಿತ್ರವಾಗಿ ಬಂದುವುಗಳಲ್ಲಿ ಎಕ್ಸಿಫ್ ವಿವರವು ಕಳಚಿಹೋಗಿರುತ್ತದೆ. ಅವುಗಳ ಕಾಲನಿರ್ಣಯಕ್ಕೆ ಉಳಿದಿರುವ ಆಧಾರವು ಬಹುಮಟ್ಟಿಗೆ ಕಡತದ ಹೆಸರಿನಲ್ಲಿರುವ ದಿನಾಂಕವೇ ಆದುದರಿಂದ ಅವುಗಳಿಗೆ ಹೊಸ ನಾಮಕರಣ ಮಾಡಹೊರಡುವುದು ಅವಿವೇಕ.

ಪರಿಶೀಲನೆ ಮುಗಿದು ಹಳೆಯ ಭಂಡಾರವನ್ನು ಅಳಿಸಿದರೆ ಜಗತ್ತಿನಲ್ಲಿ ಉಳಿಯುವುದು ಮತ್ತೆ ಒಂದೇ ಪ್ರತಿ. ಅದೂ ಮೇಜಿನ ಅಂಚಿನಿಂದ ಬಿದ್ದರೆ ಕೆಡುವ ಪೆಟ್ಟಿಗೆಯೊಂದರಲ್ಲಿ. ಐಕ್ಲೌಡ್‌ನಲ್ಲಿ ಇದೆಯಲ್ಲ ಎಂಬ ಉತ್ತರವು ಪೂರ್ಣ ಸಮಾಧಾನಕರವಲ್ಲ. ಅದು ಕನ್ನಡಿ, ಪ್ರತಿಯಲ್ಲ: ಒಂದೆಡೆ ಅಳಿಸಿದ್ದು ಎಲ್ಲೆಡೆಯೂ ಅಳಿಯುತ್ತದೆ, 'ಈಚೆಗೆ ಅಳಿಸಿದವು' ಎಂಬ ಕೋಶದಲ್ಲಿ ೩೦ ದಿನಗಳಷ್ಟು ನಿಂತು ಹೋಗಿಬಿಡುತ್ತದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ ಸೂತ್ರದಂತೆ ಪ್ರತಿಗಳು ಮೂರಿರಬೇಕು, ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು, ಒಂದು ಬೇರೆ ಸ್ಥಳದಲ್ಲಿರಬೇಕು. ಬೇರೆ ಸ್ಥಳವೆಂಬ ಮಾತಿನ ಬೆಲೆಯನ್ನು ೧೯೯೮ರಲ್ಲಿ ಅಮೆರಿಕದ ಪಿಕ್ಸಾರ್ ಚಿತ್ರಸಂಸ್ಥೆಯಲ್ಲಿ ನಡೆದ ಘಟನೆಯು ತೋರಿಸುತ್ತದೆ. ಅಲ್ಲಿ ತಯಾರಾಗುತ್ತಿದ್ದ 'ಟಾಯ್ ಸ್ಟೋರಿ ೨' ಚಿತ್ರದ ಕಡತಗಳ ಬಹುಭಾಗವು ತಪ್ಪು ಆಜ್ಞೆಯೊಂದರಿಂದ ಅಳಿಸಿಹೋಯಿತು. ಮರುಪ್ರತಿಯನ್ನು ನೋಡಿದರೆ ಅದು ಸರಿಯಾಗಿ ನಡೆದಿರಲೇ ಇಲ್ಲ. ಕೂಸಿನ ಕಾರಣ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗೇಲಿನ್ ಸಸ್‌ಮನ್ ಎಂಬ ತಾಂತ್ರಿಕ ಮುಖ್ಯಸ್ಥೆಯ ಮನೆಯಲ್ಲಿ ಒಂದು ಪ್ರತಿ ಇದ್ದುದರಿಂದ ಚಿತ್ರವು ಉಳಿಯಿತು. ನೂರಾರು ಜನ ತಜ್ಞರಿದ್ದ ಸಂಸ್ಥೆಯಲ್ಲಿಯೇ ಮರುಪ್ರತಿಯನ್ನು ತೆರೆದು ನೋಡಿದವರಿಲ್ಲದಿದ್ದಾಗ ಸಾಮಾನ್ಯ ಗೃಹಸ್ಥರ ಪಾಡೇನು!

ಹೊಸ ಡಿಸ್ಕು ಬಂದ ಮನೆಯಲ್ಲಿ ಸ್ವಾಭಾವಿಕವಾಗಿ ಹಳೆಯ ಡಿಸ್ಕೊಂದಿದ್ದರೆ ಅದನ್ನು ಬರಿದುಮಾಡದೆ ಎರಡನೆಯ ಪ್ರತಿಯಾಗಿ ಇನ್ನೊಂದು ಊರಿನ ಬಂಧುಗಳಲ್ಲಿ ಇರಿಸಬಹುದು. ಟೈಮ್ ಮೆಷೀನ್ ಬಳಸುವವರು ಹೊಸ ಬಾಹ್ಯ ಡಿಸ್ಕು ಅದರ ಹೊರಗಿಡುವ ಪಟ್ಟಿಯಲ್ಲಿ ಸೇರಿದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಭಂಡಾರವು ಒಳಗಿದ್ದಾಗ ತಾನಾಗಿ ಆಗುತ್ತಿದ್ದ ಮರುಪ್ರತಿಯು ಹೊರಗೆ ಹೋದ ಮೇಲೆ ಸದ್ದಿಲ್ಲದೆ ನಿಂತಿರಲೂಬಹುದು. ಒಳಗಿನ ಹಳೆಯ ಭಂಡಾರವನ್ನಂತೂ ಒಂದೆರಡು ತಿಂಗಳು ಹೊಸದನ್ನು ಬಳಸಿ ನೋಡಿದ ಮೇಲೆಯೇ ಅಳಿಸುವುದು ಯುಕ್ತ.

ಹಲಗೆಯ ಬರಹವನ್ನು ಅಂಕಿತದ ಸಮೀಪಕ್ಕೆ ತರುವ ಒಂದು ಉಪಾಯವೂ ಇದೆ. ಫೋಟೋಸ್ ತಂತ್ರಾಂಶದಿಂದ ಮೂಲಚಿತ್ರಗಳನ್ನು ಹೊರತೆಗೆಯುವಾಗ ಅವುಗಳ ವಿವರವನ್ನು ಎಕ್ಸ್.ಎಂ.ಪಿ. ಎಂಬ ಜೊತೆಕಡತದಲ್ಲಿ ಬರೆದುಕೊಡುವ ಆಯ್ಕೆಯುಂಟು. ಶೀರ್ಷಿಕೆ, ಅಡಿಬರಹ, ಸೂಚಕಪದಗಳು ಅದರಲ್ಲಿ ಬರುತ್ತವೆ; ಅದನ್ನು ಬೇರೆ ತಂತ್ರಾಂಶಗಳೂ ಓದಬಲ್ಲವು, ಬರಿಯ ಪಠ್ಯವಾದುದರಿಂದ ಕಣ್ಣಿನಿಂದಲೂ ಓದಬಹುದು. ಮುಖಗಳಿಗೆ ಕೊಟ್ಟ ಹೆಸರುಗಳು ಮಾತ್ರ ಹೀಗೆ ಹೊರಬರುವುದಿಲ್ಲ. ಹಳೆಯ ಚಿತ್ರಗಳ ಮಟ್ಟಿಗಾದರೂ ನಿಂತವರ, ಕುಳಿತವರ ಹೆಸರುಗಳನ್ನು ಎಡದಿಂದ ಬಲಕ್ಕೆ ಅಡಿಬರಹದಲ್ಲಿಯೇ ಬರೆದಿಟ್ಟು, ಆ ಬಳಿಕ ಹೊರತೆಗೆಯುವುದು ಮೇಲು.